ರೇಡಾರ್ ಪರದೆಯಲ್ಲೊಂದು ತೂತು

ಮನೆಯಲ್ಲಿ ಮಗು ಗಲಾಟೆ ಮಾಡುತ್ತಿರುವಷ್ಟು ಹೊತ್ತು ಅಮ್ಮ ತಲೆ ಎತ್ತಿ ನೋಡುವುದಿಲ್ಲ. ಸದ್ದು ನಿಂತಿತೋ, ಅಡುಗೆಮನೆಯಿಂದಲೇ ಕೂಗು ಬರುತ್ತದೆ: "ಏನೋ ಮಾಡ್ತಿದ್ದೀಯ ಅಲ್ಲಿ?" ಈ ವಿಷಯ ಕಲಿಯಲು ಅಮೆರಿಕದ ನೌಕಾಪಡೆಗೆ ಒಂದು ಹಡಗೇ ಬೇಕಾಯಿತು.

ಹೆಸರು ಸೀ ಶ್ಯಾಡೋ, ರೇಡಾರ್ ಕಣ್ಣಿಗೆ ಬೀಳಬಾರದೆಂದೇ ಕಟ್ಟಿದ ಹಡಗು. ಉದ್ದ 50 ಮೀಟರ್, ಸಿಬ್ಬಂದಿ ನಾಲ್ಕೇ ಜನ, ನೋಡಲು ನೀರಿನ ಮೇಲೆ ಹಾಕಿದ ಕಪ್ಪು ಡೇರೆ. 1980ರ ದಶಕದಲ್ಲಿ ಲಾಕ್‌ಹೀಡ್ ಕಂಪನಿ ಇದನ್ನು ಗುಟ್ಟಾಗಿ ಕಟ್ಟಿತು. ಹಗಲೆಲ್ಲ ಒಂದು ಮುಚ್ಚಿದ ಬಾರ್ಜಿನ, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಯ, ಹೊಟ್ಟೆಯಲ್ಲಿ ಅವಿತಿದ್ದು, ಕತ್ತಲಾದ ಮೇಲೆ ಸವಾರಿ. ಓರೆ ಗೋಡೆಗೆ ಬಡಿದ ರೇಡಾರ್ ಅಲೆ ಬಂದ ದಾರಿಯಲ್ಲಿ ವಾಪಸು ಹೋಗದೆ ಇನ್ನೆಲ್ಲೋ ಜಾರಿಬಿಡುತ್ತದೆ. ಉಪಾಯವೇನೋ ಚೆನ್ನಾಗಿಯೇ ಇತ್ತು. ಸ್ವಲ್ಪ ಜಾಸ್ತಿಯೇ ಚೆನ್ನಾಗಿತ್ತು! ಸಮುದ್ರದ ತೆರೆಗಳೂ ರೇಡಾರ್‌ನಲ್ಲಿ ಮಿಣುಕುತ್ತವೆ ಅಲ್ವಾ? ಅವುಗಳ ನಡುವೆ ಈ ಹಡಗೊಂದೇ ತೆಪ್ಪಗಿದ್ದರೆ ಪರದೆಯಲ್ಲಿ ಅದರ ಜಾಗಕ್ಕೆ ಸರಿಯಾಗಿ ಒಂದು ತೂತು ಬೀಳುತ್ತದೆ. ಏನೋ ಮಾಡ್ತಿದ್ದೀಯ ಅಲ್ಲಿ?

ಸಾಲದ್ದಕ್ಕೆ, ಶುರುವಿನ ಪರೀಕ್ಷೆಯಲ್ಲಿ ಹಡಗಿನ ಹಿಂದೆ ನೀರಿನ ಜಾಡು ದಿಬ್ಬಣ ಹೊರಟ ಹಾಗೆ ಎದ್ದಿತಂತೆ. ಹುಡುಕಿ ನೋಡಿದರೆ ಪ್ರೊಪೆಲ್ಲರ್‌ಗಳನ್ನು ಉಲ್ಟಾ ಕೂರಿಸಿದ್ದರು. ಹೀಗೆಂದು ಬರೆದವರು ವೈರಿಗಳಲ್ಲ, ಲಾಕ್‌ಹೀಡ್‌ನಲ್ಲಿ ಈ ಹಡಗು ಕಟ್ಟಿದ ವಿಭಾಗದ ಮುಖ್ಯಸ್ಥರಾಗಿದ್ದ ಬೆನ್ ರಿಚ್ ಅವರೇ.

ಹಡಗು ಸಣ್ಣದಾದರೆ ಅಡಗುವುದು ಸಲೀಸು ಅನಿಸುತ್ತದೆ. ಲೆಕ್ಕ ಮಾತ್ರ ಜಿಪುಣ. ರೇಡಾರ್‌ಗೆ ಕಾಣುವ ದೂರ ಅರ್ಧಕ್ಕೆ ಇಳಿಯಬೇಕಾದರೆ ಪ್ರತಿಫಲನ ಹದಿನಾರರಲ್ಲಿ ಒಂದು ಪಾಲಾಗಬೇಕು. ಕೋಟಿ ಕೋಟಿ ಸುರಿದು ಅಷ್ಟು ಇಳಿಸಿದ ಮೇಲೆ, ಯಾರೋ ಪುಣ್ಯಾತ್ಮ ಡೆಕ್ ಮೇಲೆ ಒಂದು ತಗಡಿನ ಬಕೆಟ್ ಮರೆತು ಊಟಕ್ಕೆ ಹೋಗಿರುತ್ತಾನೆ.

ಸ್ವೀಡನ್ನಿನವರು ಈ ವಿದ್ಯೆಯಲ್ಲಿ ಜಾಣರು, ಒಪ್ಪೋಣ. ಅವರ 73 ಮೀಟರಿನ ವಿಸ್ಬಿ ಹಡಗಿನ ಮೈಯೆಲ್ಲ ಕಾರ್ಬನ್ ಫೈಬರ್. ಹೇಳಿಕೊಳ್ಳುವ ಲೆಕ್ಕದ ಪ್ರಕಾರ, ಸಮುದ್ರ ಶಾಂತವಾಗಿದ್ದರೆ 22 ಕಿ.ಮೀ. ದೂರದಿಂದ ಕಾಣುತ್ತದೆ, ಅಲೆ ಜೋರಾಗಿದ್ದರೆ 13 ಕಿ.ಮೀ.ನಿಂದ. ಅಂದರೆ ಯುದ್ಧಕ್ಕೆ ಹೊರಡುವ ಮುನ್ನ ಬಿರುಗಾಳಿಗೂ ಒಂದು ಅರ್ಜಿ ಹಾಕಿಡುವುದು ಒಳ್ಳೆಯದು.

ಇಂಡೋನೇಷ್ಯಾದವರದು ಇನ್ನೊಂದು ಕಥೆ. 63 ಮೀಟರಿನ ಕ್ಲೇವಾಂಗ್, ಮೂರು ಒಡಲಿನ ಚೆಲುವೆ. ಅದಕ್ಕೂ ಕಾರ್ಬನ್ ಫೈಬರ್ ಮೈ. 2012ರ ಆಗಸ್ಟ್ 31ರಂದು ಬಾನ್ಯುವಾಂಗಿಯಲ್ಲಿ ನೀರಿಗಿಳಿಯಿತು. ಸೆಪ್ಟೆಂಬರ್ 28ಕ್ಕೆ, ಕಟ್ಟೆಗೆ ಕಟ್ಟಿದ್ದಲ್ಲೇ ಬೆಂಕಿ ಹೊತ್ತಿ ಸುಟ್ಟುಹೋಯಿತು. ರೇಡಾರ್‌ಗೆ ಕಾಣಬಾರದೆಂದು ಕಟ್ಟಿದ ಹಡಗಿನ ಹೊಗೆ ಮಾತ್ರ ಊರಿಗೆಲ್ಲ ಕಂಡಿತು.

ಸೀ ಶ್ಯಾಡೋ ಅಷ್ಟು ಬೇಗ ಹೋಗಲಿಲ್ಲ. 1993ರಲ್ಲಿ ಜನರಿಗೆ ಮುಖ ತೋರಿಸಿತು. ಕೆಲಸ ಮುಗಿದ ಮೇಲೆ, ಮ್ಯೂಸಿಯಂನವರು ಯಾರಾದರೂ ತೆಗೆದುಕೊಂಡು ಹೋಗಿ ಎಂದು ನೌಕಾಪಡೆ ಕೇಳಿಕೊಂಡಿತು. ಯಾರೂ ಬರಲಿಲ್ಲ. ಕೊನೆಗೆ 2012ರಲ್ಲಿ ಹಡಗು, ಬಾರ್ಜು ಎರಡೂ ಒಟ್ಟಿಗೆ ಹರಾಜಾದವು. ಹಡಗನ್ನು ಒಡೆದು ಗುಜರಿಗೆ ಹಾಕಲೇಬೇಕು ಅಂತ ಷರತ್ತು ಬೇರೆ. ಕೊಂಡವರು ಹಡಗು ರಿಪೇರಿಯವರು. ಷರತ್ತಿಗೆ ಅವರದೇನೂ ತಕರಾರಿರಲಿಲ್ಲ. ಅವರಿಗೆ ಒಂದು ತೇಲುವ ಡ್ರೈಡಾಕ್, ಅಂದರೆ ಹಡಗನ್ನು ನೀರಿನಿಂದ ಮೇಲೆತ್ತಿ ರಿಪೇರಿ ಮಾಡುವ ಕಟ್ಟೆ, ಬೇಕಿತ್ತು. ಕಣ್ಣಿದ್ದದ್ದು ಹಡಗಿನ ಮೇಲಲ್ಲ, ಅದನ್ನು ಬಚ್ಚಿಟ್ಟಿದ್ದ ಬಾರ್ಜಿನ ಮೇಲೆ.