ನಮ್ಮ ಜಿಲ್ಲೆಯ ಜನ ಎರಡೂವರೆ ಪಟ್ಟು ಆಗಿಲ್ಲ

ಕಾರವಾರ, ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಓಡಾಡುತ್ತಿದೆ. ಎರಡು ಕಂಬ: 2001ರದ್ದು ಗಿಡ್ಡ, 2011ರದ್ದು ಎತ್ತರ. ಕೆಳಗೆ, ‘ಹತ್ತೇ ವರ್ಷದಲ್ಲಿ ಉತ್ತರ ಕನ್ನಡದ ಜನಸಂಖ್ಯೆ ಎರಡೂವರೆ ಪಟ್ಟು!’

ಇದು ಸುಳ್ಳು. ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ 2001ರಲ್ಲಿ 13,53,644 ಜನರಿದ್ದರು. 2011ರಲ್ಲಿ 14,37,169. ಹೆಚ್ಚಾಗಿದ್ದು ಶೇ. 6ರಷ್ಟು ಮಾತ್ರ. ಅದೇ ಹೊತ್ತಿಗೆ ಇಡೀ ಕರ್ನಾಟಕ ಬೆಳೆದದ್ದು ಶೇ. 15ಕ್ಕಿಂತ ಜಾಸ್ತಿ.

ತಮಾಷೆ ಏನೆಂದರೆ, ಚಿತ್ರದಲ್ಲಿರುವ ಅಂಕಿಗಳೂ ಇವೇ! ಮೋಸ ಇರುವುದು ಎಡಗಡೆಯ ಅಳತೆಯಲ್ಲಿ. ಅದು ಸೊನ್ನೆಯಿಂದಲ್ಲ, 13 ಲಕ್ಷದಿಂದ ಶುರುವಾಗುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದು 13ರ ಮೇಲಿನ ತುಂಡು ಮಾತ್ರ. ಒಂದರಲ್ಲಿ ಅರ್ಧ ಲಕ್ಷ ಚಿಲ್ಲರೆ, ಇನ್ನೊಂದರಲ್ಲಿ ಒಂದು ಲಕ್ಷ ಮೂವತ್ತೇಳು ಸಾವಿರ. ಎರಡು ಅಡಿಕೆ ಮರಗಳ ಕಾಂಡ ಬಿಟ್ಟು ತಲೆಯಷ್ಟೇ ಫೋಟೋ ತೆಗೆದ ಹಾಗೆ. ಲಕ್ಷಕ್ಕೆ ಒಂದು ಸೆಂಟಿಮೀಟರಿನಂತೆ ಸೊನ್ನೆಯಿಂದ ಎಳೆದು ನೋಡಿ: 13.5 ಮತ್ತು 14.4. ಒಂದು ಬೆರಳಿನ ದಪ್ಪವೂ ವ್ಯತ್ಯಾಸ ಇಲ್ಲ, ಅಲ್ವಾ?

ಗೆರೆಯ ನಕ್ಷೆಗೆ ಸೊನ್ನೆಯಿಂದಲೇ ಶುರುವಾಗಬೇಕೆಂಬ ಕಟ್ಟುಪಾಡಿಲ್ಲ. ಜ್ವರದ ಪಟ್ಟಿ 95ರಿಂದ ಶುರುವಾದರೆ ಯಾರೂ ತಪ್ಪು ಎನ್ನುವುದಿಲ್ಲ. ಕಂಬದ ಮಾತು ಬೇರೆ. ಅಲ್ಲಿ ನಾವು ಎತ್ತರವನ್ನೇ ಓದುತ್ತೇವೆ.

‘ಅದು ಹಳೆಯ ಲೆಕ್ಕ, ಈಗ ಹೆಚ್ಚಿರಬಹುದು’ ಎಂದು ಕೆಲವರು ವಾದಿಸುತ್ತಿದ್ದಾರೆ. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ಆಗಲಿಲ್ಲ, ಮುಂದಕ್ಕೆ ಹೋಯಿತು. ಚಿತ್ರದಲ್ಲಿರುವುದೂ 2011ರ ಲೆಕ್ಕವೇ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿ, ಅಜ್ಜ ಅಜ್ಜಿ ಇಬ್ಬರೇ ಉಳಿದ ಮನೆಗಳನ್ನು ಕಂಡವರಿಗೆ ಆ ಎತ್ತರದ ಕಂಬ ನೋಡಿ ನಗು ಬಂದಿರಬೇಕು.