ದೀಪ ಆರಿದ ಮಾತ್ರಕ್ಕೆ ಗಾಡಿ ರಿಪೇರಿ ಆಯ್ತಾ?

ಇವತ್ತೂ ಬೆಳಗ್ಗೆ ಐದೂವರೆಗೆ ಎದ್ದು, ಯಾವ ಊರಿಗೂ ಹೋಗದೆ, 280 ಹೆದ್ದಾರಿಯಲ್ಲಿ ಅರವತ್ತು ಮೈಲಿ ಕಾರು ಓಡಿಸಿ ಬಂದೆ. ಸತತ ಮೂರನೇ ದಿನ. "ಹೊಗೆ ಉಗುಳಲ್ಲ ಅಂತ ತೋರಿಸೋಕೆ ಇಷ್ಟು ಪೆಟ್ರೋಲ್ ಸುಡಬೇಕಾ?" ಅಂದಳು ಹೆಂಡತಿ. ಸುಮ್ನೆ ಕಾಫಿ ಕುಡಿದೆ.

ನನ್ನ ಕೆಂಪು ಮಾಜ್ದಾ ಮಿಯಾಟಾ ಕಾರು ಗೊತ್ತಲ್ಲ, 2006ರದ್ದು. ಫೋಟೋ ಹಾಕಿ ಹಾಕಿ ನಿಮ್ಮ ತಲೆ ತಿಂದಿದ್ದೆ. ಮಾರಿದ ಪುಣ್ಯಾತ್ಮ, ದೋಷ ಇದೆ ಅಂತ ಎಚ್ಚರಿಸೋ ಚೆಕ್ ಎಂಜಿನ್ ದೀಪವನ್ನು ಸ್ಕ್ಯಾನರ್‌ನಲ್ಲಿ ಅಳಿಸಿ ನನ್ನ ಕೈಗೆ ಕೀಲಿ ಕೊಟ್ಟಿದ್ದ. ದೋಷ ಅಲ್ಲೇ ಇತ್ತು, ದೀಪ ಮಾತ್ರ ಇರಲಿಲ್ಲ.

ಅಳಿಸಿದರೆ ಏನಾಗುತ್ತೆ ಅಂದ್ರೆ, ಕಾರಿನ ಕಂಪ್ಯೂಟರ್ ತನ್ನನ್ನು ತಾನು ಪರೀಕ್ಷೆ ಮಾಡಿಕೊಂಡ ಲೆಕ್ಕವೂ ಅಳಿಸಿ ಹೋಗುತ್ತೆ. ನಾನಿರೋ ಕ್ಯಾಲಿಫೋರ್ನಿಯಾದ ಸ್ಮಾಗ್ ಟೆಸ್ಟ್‌ನವರು, ಅಂದ್ರೆ ಹೊಗೆ ತಪಾಸಣೆಯವರು, 2000ದಿಂದೀಚಿನ ಪೆಟ್ರೋಲ್ ಕಾರುಗಳಲ್ಲಿ ಮುಖ್ಯವಾಗಿ ಆ ಲೆಕ್ಕವನ್ನೇ ನೋಡೋದು. ಪೆಟ್ರೋಲ್ ಆವಿಯ ಪರೀಕ್ಷೆಯೊಂದು ಬಾಕಿ ಇದ್ದರೆ ನಡೆಯುತ್ತೆ, ಮಿಕ್ಕಿದ್ದೆಲ್ಲ ಮುಗಿದಿರಬೇಕು. ನನ್ನದು ಒಂದೂ ಮುಗಿದಿರಲಿಲ್ಲ. ವಾಪಸ್ ಕಳಿಸಿದರು. ನಾಲ್ಕು ದಿನ ಓಡಿಸುವಷ್ಟರಲ್ಲಿ ದೀಪ ಮತ್ತೆ ಹತ್ತಿಕೊಂಡಿತು. ದೋಷದ ಕೋಡ್: ಪಿ0420.

ಅಂದ್ರೆ ಹೊಗೆಯ ವಿಷ ಕಡಿಮೆ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಕಂಪ್ಯೂಟರಿನ ಅನುಮಾನ. ಈ ರಾಜ್ಯದಲ್ಲಿ ಸಿಕ್ಕಿದ ಕನ್ವರ್ಟರ್ ಹಾಕುವಂತಿಲ್ಲ, ಇಲ್ಲಿನ ವಾಯು ಮಂಡಳಿ ಒಪ್ಪಿದ್ದೇ ಬೇಕು. ಬೆಲೆ ನೋಡಿ ಎದೆ ಧಸಕ್ ಅಂತು. ಪುಣ್ಯಕ್ಕೆ ಮೆಕ್ಯಾನಿಕ್ ಒಳ್ಳೆಯವನು. ಕಾರಿನಡಿ ಮಲಗಿ, ಎಕ್ಸಾಸ್ಟ್ ಪೈಪಿನ ಜೋಡಣೆ ಹತ್ತಿರ ಕಪ್ಪಗೆ ಮಸಿ ಹಿಡಿದಿದ್ದನ್ನು ಟಾರ್ಚ್ ಬಿಟ್ಟು ತೋರಿಸಿದ. ಜೋಡಣೆಯ ಸಂದು ಮುಚ್ಚೋ ಗ್ಯಾಸ್ಕೆಟ್ ಹೋಗಿ ಹೊರಗಿನ ಗಾಳಿ ನುಗ್ಗಿ, ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡ್ತಿತ್ತು. ಒಂದು ಗ್ಯಾಸ್ಕೆಟ್ ರೀ! ಅದನ್ನು ಹಾಕಿಸೋ ಬದಲು ದೀಪ ಅಳಿಸಿದ್ದಾನೆ ಮಹಾನುಭಾವ.

"ಬೆಂಗಳೂರಲ್ಲಾಗಿದ್ರೆ ಬಂಕ್ ಪಕ್ಕದ ವ್ಯಾನ್‌ನಲ್ಲಿ ಐದು ನಿಮಿಷ, ಸೈಲೆನ್ಸರ್‌ಗೆ ಪೈಪು, ನಂಬರ್ ಪ್ಲೇಟಿಗೊಂದು ಫೋಟೋ, ಆಯ್ತು" ಅಂತಾನೆ ತಮ್ಮ. ಹೌದಪ್ಪ. ಆ ಐದು ನಿಮಿಷದ ಹೊಗೆ ಕುಡಿದೇ ಅಲ್ವಾ ನಾವಿಬ್ರೂ ಸಿಲ್ಕ್ ಬೋರ್ಡ್ ದಾಟ್ತಿದ್ದಿದ್ದು?

ಈಗ ತಪ್ಪೊಪ್ಪಿಗೆ. ಇಲ್ಲಿ ಸ್ಮಾಗ್ ಸರ್ಟಿಫಿಕೇಟ್ ಕೊಡಬೇಕಾದವನು ಮಾರುವವನೇ. ನನಗದು ಗೊತ್ತಿತ್ತು. "ನೀನೇ ಮಾಡಿಸ್ಕೋ, ನಾನೂರು ಡಾಲರ್ ಕಡಿಮೆ ಕೊಡು" ಅಂದ. ಕೆಂಪು ಬಣ್ಣ ನೋಡ್ತಾ ತಲೆಯಾಡಿಸಿದ್ದೆ. ಆದ್ರೂ ಅವನ ಮೇಲಿನ ಸಿಟ್ಟು ಇಳಿದಿಲ್ಲ.

ಗ್ಯಾಸ್ಕೆಟ್ ಹಾಕಿ ಕೋಡ್ ಅಳಿಸಿದ ಮೇಲೆ ಕಂಪ್ಯೂಟರಿನ ಪರೀಕ್ಷೆಗಳೆಲ್ಲ ಮತ್ತೆ ಸೊನ್ನೆಯಿಂದ ಶುರು. ಅವು ಮುಗಿಯೋಕೆ ಬೇಕಾದ್ದು: ರಾತ್ರಿಯಿಡೀ ತಣ್ಣಗಾದ ಎಂಜಿನ್ನು, ಅರ್ಧ ಟ್ಯಾಂಕ್ ಪೆಟ್ರೋಲು, ಒಂದೇ ವೇಗದ ಓಟ. ಆಮೇಲೆ ಬ್ರೇಕ್ ಮುಟ್ಟದೆ ನಿಧಾನ ಮಾಡಬೇಕು. 880 ಹೆದ್ದಾರಿಯ ಟ್ರಾಫಿಕ್‌ನಲ್ಲಿ ಮಾಡಿ ನೋಡಿ! ಅದಕ್ಕೇ ಈ ಐದೂವರೆ.

ಇವತ್ತು ಹನ್ನೊಂದಕ್ಕೆ ಪಾಸಾಯ್ತು. ಸರ್ಟಿಫಿಕೇಟಿನ ಫೋಟೋ ಮಾರಿದವನಿಗೆ ಕಳಿಸಿದೆ. ಹೆಬ್ಬೆರಳು ಎತ್ತಿದ ಇಮೋಜಿ ಹಾಕಿದ್ದಾನೆ.