ಗುಂಡಿ ಒತ್ತಿದರೆ ಸಾಕಂತೆ

ಸರ್ವರ್ ನೋಡಿಕೊಳ್ಳಲು ವೆಬ್‌ಮಿನ್ ಹಾಕಿಕೊಳ್ಳಿ, ಆಮೇಲೆ ಆದೇಶ ಟೈಪಿಸುವ ಟರ್ಮಿನಲ್ ಎಂಬ ಕಪ್ಪು ಪರದೆಯ ಸಹವಾಸವೇ ಬೇಡ, ಬ್ರೌಸರಿನಲ್ಲಿ ಗುಂಡಿ ಒತ್ತಿದರೆ ಸಾಕು ಎಂದು ಸಹೋದ್ಯೋಗಿಯೊಬ್ಬರು ಹುರಿದುಂಬಿಸಿದರು. ಆ ಗುಂಡಿಗಳವರೆಗಿನ ದಾರಿಯೆಲ್ಲ ಕಪ್ಪು ಪರದೆಯ ಮೇಲೆಯೇ ಸಾಗುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ.

1997ರಿಂದ ಇರುವ ಹಳೆಯ ತಂತ್ರಾಂಶ ಇದು, ಪರ್ಲ್ ಭಾಷೆಯಲ್ಲಿ ಬರೆದದ್ದು. ಇಷ್ಟು ಹಿರಿತನ ಇದ್ದ ಮೇಲೆ ನನ್ನ ಸರ್ವರಿನಲ್ಲಿರುವ ಲಿನಕ್ಸ್, ಅಂದರೆ ಉಬುಂಟುವಿನ ಸ್ವಂತ ತಂತ್ರಾಂಶ ಭಂಡಾರದಲ್ಲೇ ಸಿಗಬೇಕಲ್ಲ? ಸಿಗುವುದಿಲ್ಲ. ವೆಬ್‌ಮಿನ್‌ನವರದೇ ಭಂಡಾರವನ್ನೂ ಅದರ ಸಹಿ ಪರೀಕ್ಷಿಸುವ ಕೀಲಿಯನ್ನೂ ನಾವೇ ಸೇರಿಸಬೇಕು. ಅದಕ್ಕೆಂದೇ ಇರುವ ಸ್ಕ್ರಿಪ್ಟ್ ‘ಸೇರಿಸಲೇ?’ ಎಂದು ವಿನಯದಿಂದ ಕೇಳುತ್ತದೆ. ಎಂಟರ್ ಒತ್ತಿದೆ. ಬರಿಯ ಎಂಟರ್ ಎಂದರೆ ಅದರ ಲೆಕ್ಕದಲ್ಲಿ ‘ಬೇಡ’. ಇಷ್ಟು ದೂರ ಬಂದವನು ಬೇಡ ಎನ್ನಲು ಬಂದಿರುತ್ತಾನೆಯೇ?

ಮತ್ತೆ ಓಡಿಸಿ ‘ಹೌದು’ ಎಂದ ಮೇಲೆ ಭಂಡಾರ ಸೇರಿತು, ಅಳವಡಿಕೆಯ ಆದೇಶ ಕೊಟ್ಟೆ. ಒಮ್ಮೆಗೆ ಒಂದೇ ಅಳವಡಿಕೆ ನಡೆಯಲೆಂದು ಇರುವ ಬೀಗ ಸಿಗುತ್ತಿಲ್ಲ, ಬೇರೊಂದು ಪ್ರಕ್ರಿಯೆಯ ಕೈಯಲ್ಲಿದೆ ಎಂಬ ಉತ್ತರ ಬಂತು. ಯಾರದು ಎಂದು ನೋಡಿದರೆ ‘ಅನ್‌ಅಟೆಂಡೆಡ್ ಅಪ್‌ಗ್ರ’. ಲಿನಕ್ಸ್ ಪ್ರಕ್ರಿಯೆಯ ಹೆಸರಿನಲ್ಲಿ 15 ಅಕ್ಷರಗಳನ್ನಷ್ಟೇ ಇಟ್ಟುಕೊಳ್ಳುವುದರಿಂದ ಹೆಸರಿನ ಬಾಲ ಕತ್ತರಿಸಿಹೋಗಿತ್ತು. ಯಾರ ಗಮನವೂ ಬೇಡದೆ ಭದ್ರತಾ ಪರಿಷ್ಕರಣೆಗಳನ್ನು ತಾನೇ ಹಾಕಿಕೊಳ್ಳುವ ಮಹಾಶಯ ಈತ. ದಿನವಿಡೀ ಸುಮ್ಮನಿದ್ದು, ನಾನು ಕುಳಿತ ಗಳಿಗೆಯಲ್ಲೇ ಎಚ್ಚೆತ್ತಿದ್ದ. ಪರದೆಯ ಮೇಲೆ ಕಾಯುವಿಕೆಯ ಸೆಕೆಂಡುಗಳು ಏರುತ್ತಿದ್ದವು. ನಮ್ಮ ಸಹನೆಗೆ ಮೀಟರ್ ಹಾಕಿದ ಪುಣ್ಯಾತ್ಮ ಯಾರೋ. ಆ ಬೀಗದ ಕಡತವನ್ನೇ ಅಳಿಸಿಬಿಡಿ ಎನ್ನುವ ಧೀರರು ಎಲ್ಲೆಡೆ ಸಿಗುತ್ತಾರೆ. ಹಾಗೆ ಮಾಡಿದರೆ ಪ್ಯಾಕೇಜುಗಳು ಅರೆಬರೆಯಾಗಿ ನಿಂತು, ಇರುವ ತಲೆನೋವಿನ ಜೊತೆಗೆ ಇನ್ನೊಂದು ಗಂಟು ಬೀಳುತ್ತದೆ. ಹಲ್ಲು ಕಚ್ಚಿ ಕಾದೆ.

ಕೊನೆಗೆ ಅಳವಡಿಕೆ ಮುಗಿಯಿತು. ಬ್ರೌಸರಿನಲ್ಲಿ ವಿಳಾಸ, ಅದರ ಮುಂದೆ 10000 ಎಂಬ ಪೋರ್ಟ್ ಸಂಖ್ಯೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಸರ್ವರಿನ ಕಾವಲುಗಾರ ಫೈರ್‌ವಾಲ್ ಆ ಪೋರ್ಟಿನ ಬಾಗಿಲನ್ನು ತೆರೆದಿರಲಿಲ್ಲ. ಪಾಪ, ಅದು ತನ್ನ ಕೆಲಸ ಮಾಡಿತ್ತು. ಫೈರ್‌ವಾಲ್ ನಿಯಮಗಳನ್ನು ಸುಲಭವಾಗಿ ಬದಲಿಸುವ ಪುಟ ವೆಬ್‌ಮಿನ್ ಒಳಗೇ ಇದೆ. ಅಲ್ಲಿಗೆ ಹೋಗಲು ಮಾತ್ರ ಮೊದಲು ಫೈರ್‌ವಾಲ್ ನಿಯಮ ಬದಲಿಸಬೇಕು.

ಬದಲಿಸಿದೆ. ಈಗ ಬ್ರೌಸರ್ ಬೆದರಿತು: ಈ ತಾಣ ಸುರಕ್ಷಿತವಲ್ಲ, ಹಿಂದಿರುಗಿ. ವೆಬ್‌ಮಿನ್ ಮೊದಲಿಗೆ ತಾನೇ ಸಹಿ ಹಾಕಿಕೊಂಡ ಪ್ರಮಾಣಪತ್ರ ತೋರಿಸುತ್ತದೆ, ತನ್ನ ಸನ್ನಡತೆಗೆ ತಾನೇ ಸರ್ಟಿಫಿಕೇಟ್ ಬರೆದುಕೊಂಡ ಉದ್ಯೋಗಾಕಾಂಕ್ಷಿಯ ಹಾಗೆ. ಹಿಂದಿರುಗುವ ಗುಂಡಿ ದೊಡ್ಡದಾಗಿ, ನೀಲಿಯಾಗಿ ಹೊಳೆಯುತ್ತದೆ. ಮುಂದುವರಿಯುವ ದಾರಿ ‘ಸುಧಾರಿತ’ ಎಂಬುದರ ಹಿಂದೆ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ನನ್ನದೇ ಯಂತ್ರದೊಳಗೆ ನುಗ್ಗಲು ಅಪಾಯ ಒಪ್ಪಿಕೊಂಡೆ.

ಲಾಗಿನ್‌ಗೆ ಸರ್ವಾಧಿಕಾರಿ ಖಾತೆಯಾದ ರೂಟ್ ಎಂದು ಬರೆದರೆ ತಿರಸ್ಕಾರ. ಉಬುಂಟು ರೂಟ್‌ಗೆ ಮೊದಲಿನಿಂದಲೇ ಬೀಗ ಜಡಿದಿರುತ್ತದೆ, ಪಾಸ್‌ವರ್ಡ್ ಎಂಬುದೇ ಇರುವುದಿಲ್ಲ. ಸುಡೋ ಅಧಿಕಾರ, ಅಂದರೆ ರೂಟ್‌ನ ಕೆಲಸ ಮಾಡಲು ಅನುಮತಿ, ಇರುವ ಮಾಮೂಲಿ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಟ್ಟ ಕೂಡಲೇ ಬಾಗಿಲು ತೆರೆಯಿತು.

ಒಳಗೆ ಸಿಪಿಯು, ಮೆಮೊರಿ, ಡಿಸ್ಕ್‌ಗಳ ದುಂಡು ಮಾಪಕಗಳು ಚೆಂದವಾಗಿ ಕುಳಿತಿದ್ದವು. ಸಹೋದ್ಯೋಗಿಗೆ ಫೋನ್ ಮಾಡಿ ಕೆಲಸ ಆಯಿತು ಎಂದೆ.

“ಭೇಷ್! ನಾನು ಮಾತ್ರ ಈಗ ಅದನ್ನು ಬಳಸುತ್ತಿಲ್ಲ ಸರ್,” ಎಂದರು. “ಟರ್ಮಿನಲ್ಲಿನಲ್ಲಿ ಬೇಗ ಆಗುತ್ತದೆ.”